ಅಜ್ಜಿಯ ಚಂಚಿಯಲ್ಲಿ ಮೂಲೆ ಹರಿದ ನೋಟು: ಖರ್ಚು ಮಾಡದೆ ಇಟ್ಟ ನೋಟು ನಿಮ್ಮ ಮನೆಯಲ್ಲೂ ಇದೆಯಾ?

ವಿದ್ಯಾನಗರದ ಮೊಮ್ಮಗಳು, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನ ಅವ್ವ ತೀರಿಕೊಂಡು ವರ್ಷವಾಯಿತು. ಹೋದ ವಾರ ಆಕೆಯ ಟ್ರಂಕು ತೆಗೆದೆವು. ಎರಡು ಇಳಕಲ್ ಸೀರೆ, ಹೊಲಿಸದೆ ಉಳಿದ ಗುಳೇದಗುಡ್ಡದ ಖಣ, ಹಿತ್ತಾಳೆಯ ಅಡಕೊತ್ತು. ತಳದಲ್ಲಿ ಎಲೆ ಅಡಿಕೆಯ ಚಂಚಿ. ಅದಕ್ಕೆ ಇನ್ನೂ ಸುಣ್ಣ, ಲವಂಗದ ವಾಸನೆ ಇದೆ. ಅವ್ವ ಅದನ್ನು ಮೂಗಿಗೆ ಹಿಡಿದುಕೊಂಡು ಬಹಳ ಹೊತ್ತು ಸುಮ್ನೆ ಕೂತಳು.

ಚಂಚಿಯ ಒಳಗಿನ ಖಾನೆಯಲ್ಲಿ ಪಂಚಾಂಗದ ಹಳೆಯ ಹಾಳೆ ಮಡಚಿಟ್ಟಿತ್ತು. ಬಿಚ್ಚಿದರೆ ಮೂರು ನೋಟು. ಒಂದು ರೂಪಾಯಿಯದು ಒಂದು. ಎರಡು ರೂಪಾಯಿಯದು ಒಂದು, ಹಿಂದೆ ಉಪಗ್ರಹದ ಚಿತ್ರವಿದೆ. ಮೂರನೆಯದು ಅಮೆರಿಕದ ಎರಡು ಡಾಲರ್. ಅದರ ಬಲಗಡೆ ಮೇಲಿನ ಮೂಲೆ ಹರಿದಿದೆ. ಇಲಿ ಕಡಿದ ಹಾಗಿಲ್ಲ. ಯಾರೋ ಬೇಕಂತಲೇ ಬೆರಳಿನಿಂದ ಹರಿದು ತೆಗೆದ ಹಾಗಿದೆ.

ಅಜ್ಜಿ ದುಡ್ಡು ಕೂಡಿಡುವ ಪೈಕಿ ಅಲ್ಲ. ನಾವು ದುರ್ಗದಬೈಲಿಗೆ ಹೊರಟರೆ ಕೇಳುವ ಮೊದಲೇ ಚಂಚಿಗೆ ಕೈ ಹಾಕಿ, "ಗಿರಮಿಟ್ ತಿಂದು ಬರ್ರಿ" ಅನ್ನುತ್ತಿದ್ದಳು. ಅಂಥವಳು ಈ ಮೂರನ್ನು ಮಾತ್ರ ಯಾಕೆ ಮುಟ್ಟಲಿಲ್ಲ? ಒಂದು ರೂಪಾಯಿ ತನ್ನ ಮದುವೆಯ ದಿನದ್ದು ಅಂತ ಅವ್ವ ಅನ್ನುತ್ತಾಳೆ. ಡಾಲರ್ ನೋಟು ಮಾಮಾ ತಂದದ್ದೇ ಇರಬೇಕು. ಅವರು 1998ರಲ್ಲಿ ಅಮೆರಿಕಕ್ಕೆ ಹೋದವರು, ಈಗಲೂ ಅಲ್ಲೇ ಇದ್ದಾರೆ. ಅವರನ್ನು ಕೇಳಲು ಧೈರ್ಯ ಬರುತ್ತಿಲ್ಲ. ಅಜ್ಜಿಯ ಕೊನೆಗಾಲಕ್ಕೆ ಅವರಿಗೆ ಬರಲಾಗಲಿಲ್ಲ. ಆ ಮಾತು ಬಂದರೆ ಫೋನಿನಲ್ಲೇ ಅಳುತ್ತಾರೆ.

ಹರಿದ ನೋಟು ಮನೆಯಲ್ಲಿರಬಾರದು, ಹೊಳೆಗೆ ಬಿಡಿ ಅಂತ ಮನೆಯಲ್ಲಿ ಒಬ್ಬರ ಮಾತು. ಮಾರಿದರೆ ಲಕ್ಷ ಬರುತ್ತದೆ ಅಂತ ಇನ್ನೊಬ್ಬರದು. ಗೊತ್ತಿದ್ದವರು ಹೇಳಿ. ನಿಮ್ಮ ಮನೆಯಲ್ಲೂ ಇಂಥ ನೋಟು ಇದ್ದರೆ ಅದರ ಕತೆ ಬರೆಯಿರಿ.

ನಿವೃತ್ತ ಕ್ಯಾಷಿಯರ್, ಧಾರವಾಡ

ತಂಗಿ, ಮೊದಲು ಒಂದು ಮಾತು. ಹೊಳೆಗೆ ಬಿಡಬೇಡ. ಅಂಟು ಹಚ್ಚಬೇಡ, ಇಸ್ತ್ರಿ ಮಾಡಬೇಡ, ಲ್ಯಾಮಿನೇಷನ್‌ಗೂ ಕೊಡಬೇಡ. ಬ್ಯಾಂಕಿನಲ್ಲಿ 34 ವರ್ಷ ನೋಟು ಎಣಿಸಿದವನು ನಾನು. ಮನೆಯವರು ಒಳ್ಳೆಯದಾಗಲಿ ಅಂತ ಮಾಡಿ ಹಾಳು ಮಾಡಿದ ನೋಟುಗಳನ್ನು ಬಹಳ ನೋಡಿದ್ದೇನೆ.

ಒಂದು ರೂಪಾಯಿ ನೋಟು ಉಳಿದ ನೋಟುಗಳ ಹಾಗಲ್ಲ. ಎರಡರಿಂದ ಮೇಲಿನದ್ದೆಲ್ಲ ರಿಸರ್ವ್ ಬ್ಯಾಂಕಿನದು. ಅದರ ಮೇಲೆ ಗವರ್ನರ್ ಸಹಿ ಇರುತ್ತದೆ, ಇಷ್ಟು ರೂಪಾಯಿ ಕೊಡುತ್ತೇನೆ ಅಂತ ಅವರು ಕೊಟ್ಟ ಮಾತೂ ಇರುತ್ತದೆ. ಒಂದು ರೂಪಾಯಿ ನೋಟು ನೇರವಾಗಿ ಭಾರತ ಸರ್ಕಾರದ್ದು. ಹಣಕಾಸು ಕಾರ್ಯದರ್ಶಿ ಸಹಿ ಮಾಡುತ್ತಾರೆ. ಕೊಡುತ್ತೇನೆ ಅನ್ನುವ ಮಾತು ಅದರಲ್ಲಿ ಇಲ್ಲ. ಅದೇ ರೂಪಾಯಿ ಅಲ್ವಾ, ಮತ್ತೇನು ಕೊಡುವುದು?

ಅದು ಮೊದಲು ಬಂದದ್ದು 1917ರ ನವೆಂಬರ್ 30ರಂದು. ಮೊದಲ ಮಹಾಯುದ್ಧದ ಕಾಲ. ಬೆಳ್ಳಿಗೆ ಬರ ಬಂದು ಬೆಳ್ಳಿ ರೂಪಾಯಿ ಸಾಲದಾಯಿತು. ಆಗ ಐದನೇ ಜಾರ್ಜ್ ಚಿತ್ರ ಹಾಕಿ ಕಾಗದದ ರೂಪಾಯಿ ತಂದರು. ಅದೇ ಹೊತ್ತಿಗೆ ಎರಡು ರೂಪಾಯಿ ಎಂಟಾಣೆಯ ನೋಟೂ ಇತ್ತು. ಎರಡೂವರೆ ರೂಪಾಯಿಗೇ ಒಂದು ನೋಟು! 1926ಕ್ಕೆ ಅದು ಹೋಯಿತು. ಒಂದು ರೂಪಾಯಿಯ ಅಚ್ಚು 1994ರಲ್ಲಿ ನಿಂತಿತು, ಎರಡರದು 1995ರಲ್ಲಿ. ಒಂದರದು 2015ರಲ್ಲಿ ಮತ್ತೆ ಬಂತು. ನಿಮ್ಮ ಅಜ್ಜಿಯ ಒಂದು ಮತ್ತು ಎರಡು ಇವತ್ತಿಗೂ ಸಲ್ಲುವ ನೋಟುಗಳೇ.

ಎರಡರ ಹಿಂದಿರುವ ಉಪಗ್ರಹ ಆರ್ಯಭಟ. ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿ, 1975ರ ಏಪ್ರಿಲ್ 19ರಂದು ರಷ್ಯಾದಿಂದ ಹಾರಿಸಿದ್ದು. ಒಂದರ ನೋಟಿನ ಮೇಲೆ ಇಸವಿ ಇರುತ್ತದೆ. ಅದನ್ನೂ ಸಹಿಯನ್ನೂ ಓದಿ ಹೇಳು.

ವಿದ್ಯಾನಗರದ ಮೊಮ್ಮಗಳು

ಸರ್, ಭೂತಗನ್ನಡಿ ಹಿಡಿದು ನೋಡಿದೆ. ಇಸವಿ 1978. ಸಹಿ ಮನಮೋಹನ್ ಸಿಂಗ್ ಅಂತಿದೆ. ಅವರೇನಾ?

ಅವ್ವನ ಮದುವೆ 1979ರಲ್ಲಿ. ಈಗ ಕೂತು ಎಲ್ಲ ಹೇಳಿದಳು. ಕಳಿಸಿಕೊಡುವಾಗ ಅಜ್ಜಿ ಉಡಿ ತುಂಬಿದಳಂತೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಅಡಿಕೆ, ಅದರ ಮೇಲೆ ಗರಿಗರಿಯಾದ ಒಂದು ರೂಪಾಯಿ ನೋಟು. ಮಗಳು ಉಡಿಯಲ್ಲಿದ್ದದ್ದನ್ನು ಒಂದಿಷ್ಟು ತವರಿಗೆ ಬಿಟ್ಟು ಹೋಗಬೇಕು ಅಂತ ನಮ್ಮ ಮನೆಯಲ್ಲಿ ಪದ್ಧತಿ. ಅವ್ವ ಅಳುತ್ತಾ ಒಂದು ಹಿಡಿ ಅಕ್ಕಿ ತೆಗೆದು ಅಜ್ಜಿಯ ಸೆರಗಿಗೆ ಹಾಕಿದಳು. ಅಕ್ಕಿಯ ಜೊತೆ ನೋಟೂ ಹೋಗಿದೆ. ಅಕ್ಕಿ ಉಂಡು ಮುಗಿಯಿತು. ನೋಟು 45 ವರ್ಷಕ್ಕಿಂತ ಜಾಸ್ತಿ ಚಂಚಿಯಲ್ಲೇ ಉಳಿಯಿತು. ಇದು ಅವ್ವನಿಗೂ ಗೊತ್ತಿರಲಿಲ್ಲ.

ನಿವೃತ್ತ ಕ್ಯಾಷಿಯರ್, ಧಾರವಾಡ

ಅವರೇ ತಂಗಿ. ಆ ವರ್ಷಗಳಲ್ಲಿ ಅವರು ಹಣಕಾಸು ಇಲಾಖೆಯ ಕಾರ್ಯದರ್ಶಿ. ಮುಂದೆ 1982ರಿಂದ 1985ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್. ಹಾಗಾಗಿ ಸರ್ಕಾರದ ನೋಟಿನ ಮೇಲೂ ಅವರ ಸಹಿ ಇದೆ, ಬ್ಯಾಂಕಿನ ನೋಟಿನ ಮೇಲೂ ಇದೆ. ಸಂಗ್ರಹ ಮಾಡುವವರು ಇಂಥ ನೋಟನ್ನು ಪ್ರೀತಿಯಿಂದ ಹುಡುಕುತ್ತಾರೆ. ಆದರೆ ನೀನು ಹೇಳಿದ ಕತೆ ಕೇಳಿದ ಮೇಲೆ ಬೆಲೆಯ ಮಾತು ಆಡಲು ನನಗೆ ಮನಸ್ಸಿಲ್ಲ.

ಬ್ಯಾಡಗಿ ಪೇಟೆಯ ಮಗಳು

ಅಕ್ಕಾ, ಓದಿ ಕಣ್ಣು ತುಂಬಿತು.

ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ಅಪ್ಪ ಬೆಳಿಗ್ಗೆ ಅಂಗಡಿ ತೆಗೆದು, ಕಸ ಹೊಡೆದು, ಊದಿನಕಡ್ಡಿ ಹಚ್ಚುತ್ತಾರೆ. ಬೋಣಿಗೆ ಆದ ನೋಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಮುಟ್ಟಿಸಿ ಒಳಗಿಡುತ್ತಾರೆ. ಮಧ್ಯಾಹ್ನದ ತನಕ ಆ ನೋಟನ್ನು ಚಿಲ್ಲರೆಗೆ ಕೊಡುವುದಿಲ್ಲ. ಬೋಣಿಗೆಯ ಗಿರಾಕಿಗೆ ಉದ್ರಿಯೂ ಇಲ್ಲ, ಇಲ್ಲ ಅನ್ನುವ ಮಾತೂ ಇಲ್ಲ. ಎರಡು ರೂಪಾಯಿ ಕಡಿಮೆ ಮಾಡಿಯಾದರೂ ಕೊಟ್ಟು ಕಳಿಸುತ್ತಾರೆ. ಹೊತ್ತು ಮುಳುಗಿ ದೀಪ ಹಚ್ಚುವಾಗ ಯಾರಿಗೂ ದುಡ್ಡು ಕೊಡುವುದಿಲ್ಲ. ಶುಕ್ರವಾರ ಸಾಲ ಕೊಡುವುದಿಲ್ಲ, ತೀರಿಸಲು ಬಂದರೆ ಮಾತ್ರ ತಗೊಳ್ಳುತ್ತಾರೆ.

ಗಲ್ಲಾಪೆಟ್ಟಿಗೆಯ ತಳದಲ್ಲಿ ಐದು ರೂಪಾಯಿಯ ಹಳೆಯ ನೋಟು ಒಂದಿದೆ. ಟ್ರ್ಯಾಕ್ಟರ್ ಹೊಡೆಯುವ ರೈತ, ಹಿಂದೆ ಹುಟ್ಟುವ ಸೂರ್ಯ. ಅಪ್ಪ ಅಂಗಡಿ ಹಾಕಿದ ದಿನ ಮೊದಲು ಬಂದ ಗಿರಾಕಿ ಕೊಟ್ಟದ್ದು. ಅದನ್ನು ಅಪ್ಪ "ತಾಯಿ ನೋಟು" ಅನ್ನುತ್ತಾರೆ. ದೀಪಾವಳಿ ಅಮಾವಾಸ್ಯೆಗೆ ಲಕ್ಷ್ಮೀ ಪೂಜೆ ಮಾಡುವಾಗ ಹೊಸ ಖಾತೆ ಪುಸ್ತಕದ ಮೇಲೆ ಅದನ್ನೇ ಇಡುವುದು. ಹೊಸ ನೋಟಿನ ಕಟ್ಟು ಪಕ್ಕದಲ್ಲಿದ್ದರೂ ಮೊದಲ ಕುಂಕುಮ ಅದಕ್ಕೆ. ಈಗ ಅದರಲ್ಲಿ ರೈತನ ಮುಖವೇ ಕಾಣುವುದಿಲ್ಲ, ಅಷ್ಟು ಕುಂಕುಮ ಹತ್ತಿದೆ.

ನಿವೃತ್ತ ಕ್ಯಾಷಿಯರ್, ಧಾರವಾಡ

ಮಗಳೇ, ಮುಂದಿನ ವರ್ಷದಿಂದ ನೋಟನ್ನು ಪಾರದರ್ಶಕ ಹಾಳೆಯ ಒಳಗಿಟ್ಟು, ಹಾಳೆಯ ಮೇಲೆ ಕುಂಕುಮ ಹಚ್ಚಲು ಅಪ್ಪನಿಗೆ ಹೇಳು. ಪೂಜೆಗೂ ಕೊರತೆಯಿಲ್ಲ, ರೈತನೂ ಉಳಿಯುತ್ತಾನೆ.

ಬೆಟಗೇರಿಯವ, ಈಗ ನ್ಯೂಜೆರ್ಸಿ

ಹರಿದ ಮೂಲೆಯ ವಿಷಯ ನನಗೆ ಗೊತ್ತು ಅಕ್ಕಾರೇ. ಅದು ಇಲಿಯೂ ಅಲ್ಲ, ಮಕ್ಕಳ ಕೆಲಸವೂ ಅಲ್ಲ. ಅಮೆರಿಕದವರ ಹಳೆಯ ನಂಬಿಕೆ.

ಇಲ್ಲಿ ಎರಡು ಡಾಲರ್ ನೋಟು ಸಿಗುವುದೇ ಅಪರೂಪ. ಅದು 1862ರಿಂದ ಇದೆ. ಆದರೆ ಜನ ಅದನ್ನು ಕಿಸೆಯಲ್ಲಿ ಇಟ್ಟುಕೊಳ್ಳಲು ಹಿಂಜರಿಯುತ್ತಿದ್ದರು. ಕುದುರೆ ರೇಸಿನಲ್ಲಿ ಒಂದು ಬಾಜಿಗೆ ಎರಡು ಡಾಲರ್. ಕೈಯಲ್ಲಿ ಆ ನೋಟು ಕಂಡರೆ ಜೂಜಿಗೆ ಹೋಗಿದ್ದ ಅಂತ ತಿಳಿಯುತ್ತಿದ್ದರು. ಚುನಾವಣೆಯಲ್ಲಿ ವೋಟಿಗೆ ಎರಡು ಡಾಲರ್ ಕೊಡುತ್ತಿದ್ದರು ಅನ್ನುವ ಮಾತೂ ಇತ್ತು. ಇನ್ನೊಂದು, ಇಸ್ಪೀಟಿನ ಎರಡಕ್ಕೆ ಇವರು ಡ್ಯೂಸ್ ಅನ್ನುತ್ತಾರೆ. ಸೈತಾನನಿಗೂ ಅದೇ ಹೆಸರು. ಹೀಗೆ ಎಲ್ಲಾ ಸೇರಿ ಅದು ಅಪಶಕುನದ ನೋಟು ಆಯಿತು.

ಪರಿಹಾರವನ್ನೂ ಅವರೇ ಕಂಡುಕೊಂಡರು. ಆ ನೋಟು ಕೈಗೆ ಬಂದರೆ ಒಂದು ಮೂಲೆ ಹರಿದು ಬಿಡುವುದು. ಹರಿದರೆ ಅದರ ಪೀಡೆ ಕಳೆಯಿತು. ಮುಂದಿನವನ ಕೈಗೆ ಹೋದರೆ ಅವನು ಇನ್ನೊಂದು ಮೂಲೆ ಹರಿಯುತ್ತಾನೆ. ನಾಲ್ಕೂ ಮೂಲೆ ಹೋದ ನೋಟುಗಳೂ ಇದ್ದವಂತೆ. ಹರಿಯಲು ಮನಸ್ಸಿಲ್ಲದವರು ನೋಟಿಗೆ ಮುತ್ತು ಕೊಡುತ್ತಿದ್ದರು.

1966ರಲ್ಲಿ ಅಚ್ಚು ನಿಲ್ಲಿಸಿದರು. 1976ಕ್ಕೆ ಇವರ ಸ್ವಾತಂತ್ರ್ಯಕ್ಕೆ 200 ವರ್ಷ. ಆ ವರ್ಷ ಏಪ್ರಿಲ್ 13ರಂದು, ಸ್ವಾತಂತ್ರ್ಯ ಘೋಷಣೆ ಬರೆದ ಜೆಫರ್ಸನ್ ಹುಟ್ಟಿದ ದಿನ, ಮತ್ತೆ ತಂದರು. ಮುಂದೆ ಜೆಫರ್ಸನ್ ಮುಖ, ಹಿಂದೆ ಸ್ವಾತಂತ್ರ್ಯ ಘೋಷಣೆಯ ಚಿತ್ರ. ಆ ದಿನ ಜನ ಹೊಸ ನೋಟು ತಗೊಂಡು ಸೀದಾ ಪೋಸ್ಟಾಫೀಸಿಗೆ ಹೋಗಿ, ಅದರ ಮೇಲೆ ಅಂಚೆ ಚೀಟಿ ಅಂಟಿಸಿ ಮುದ್ರೆ ಹೊಡೆಸಿಕೊಂಡರು. ಅಷ್ಟು ಹಿಗ್ಗಿದರೂ ಖರ್ಚು ಮಾಡಲಿಲ್ಲ. ಎಲ್ಲರೂ ಎತ್ತಿಟ್ಟರು. ಈಗ ಅದೇ ನೋಟು ಅದೃಷ್ಟದ್ದು ಅಂತ ಪರ್ಸಿನಲ್ಲಿ ಇಟ್ಟುಕೊಳ್ಳುವವರು ಎಷ್ಟೋ ಮಂದಿ. ವಿಯೆಟ್ನಾಮಿನವರು ತಮ್ಮ ಹೊಸ ವರ್ಷಕ್ಕೆ ಮಕ್ಕಳಿಗೆ ಕೊಡಲು ಇದನ್ನು ಹುಡುಕಿ ತರುತ್ತಾರೆ. ಎರಡು ಅಂದರೆ ಜೋಡಿ, ಅದು ಶುಭ ಅಂತ.

ನಾನು ನೇಕಾರರ ಮನೆಯವನು. ನೋಟು ಮುಟ್ಟಿದಾಗ ನನಗೆ ಬಟ್ಟೆ ಮುಟ್ಟಿದ ಹಾಗೇ ಆಗುತ್ತದೆ. ನಮ್ಮ ನೋಟಿನ ಕಾಗದ ಪೂರ್ತಿ ಹತ್ತಿಯದು. ಇವರದು 75 ಭಾಗ ಹತ್ತಿ, 25 ಭಾಗ ಅಗಸೆ ನಾರು. ನಾವು ಅಗಸಿ ಹಿಂಡಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುತ್ತೇವಲ್ಲ, ಅದೇ ಗಿಡ. ಇದು ಗೊತ್ತಾದ ದಿನ ಅವ್ವನಿಗೆ ಫೋನ್ ಮಾಡಿ ಹೇಳಿದ್ದೆ.

ವಿದ್ಯಾನಗರದ ಮೊಮ್ಮಗಳು

ಅಣ್ಣಾರೇ, ಮೈ ಜುಮ್ ಅಂದಿತು. ಹರಿದ ನೋಟು ಅಪಶಕುನ ಅಂತ ಮನೆಯಲ್ಲಿ ಹೊಳೆಗೆ ಬಿಡಲು ಹೊರಟಿದ್ದರು. ಅಲ್ಲಿಯವರು ಅಪಶಕುನ ಹೋಗಲಿ ಅಂತಲೇ ಹರಿದಿದ್ದಾರೆ! ಈಗಲೇ ಎಲ್ಲರಿಗೂ ಓದಿ ಹೇಳುತ್ತೇನೆ.

ಗೋಕುಲ ರೋಡ್ ಎಂಜಿನಿಯರ್

ಯಾರ ಮನಸ್ಸನ್ನೂ ನೋಯಿಸಲು ಹೇಳುತ್ತಿಲ್ಲ. ನೋಟು ಅಂದರೆ ಕೊಡು ಕೊಳ್ಳುವ ಸಾಧನ. ಮೂಲೆ ಹರಿದರೆ ಪೀಡೆ ಹೋಗುವುದಿಲ್ಲ, ಕುಂಕುಮ ಹಚ್ಚಿದರೆ ವ್ಯಾಪಾರ ಜಾಸ್ತಿ ಆಗುವುದಿಲ್ಲ. ಅಕ್ಕಾ, ಒಳ್ಳೆಯ ಬೆಲೆ ಬಂದರೆ ಮಾರಿ ಆ ದುಡ್ಡು ಮಗುವಿನ ಹೆಸರಿನಲ್ಲಿಡಿ. ಅಂತರ್ಜಾಲದಲ್ಲಿ ಕ್ರಮಸಂಖ್ಯೆಯಲ್ಲಿ 786 ಇರುವ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಅನ್ನುವ ಜಾಹೀರಾತು ನಾನೇ ನೋಡಿದ್ದೇನೆ.

ನವನಗರದ ಟೀಚರ್

ತಮ್ಮಾ, ಆ ಜಾಹೀರಾತು ನಂಬಬೇಡ. ನಾನು ನಂಬಿ ಕಳಕೊಂಡಿದ್ದೇನೆ.

ನನ್ನ ಹತ್ತಿರ 786 ಇರುವ ಹತ್ತರ ನೋಟಿತ್ತು. ಒಂದು ಜಾಲತಾಣದಲ್ಲಿ ಫೋಟೊ ಹಾಕಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು. ಮೂರು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅಂದರು. ಕಟ್ಟಿದೆ. ಆಮೇಲೆ ತೆರಿಗೆ ಅಂದರು. ಅದನ್ನೂ ಕಟ್ಟಿದೆ. ರಿಸರ್ವ್ ಬ್ಯಾಂಕಿನ ಹೆಸರಿರುವ ಪತ್ರವನ್ನೂ ಕಳಿಸಿದ್ದರು. ಮೂರನೇ ಸಲ ಕೇಳಿದಾಗ ನನ್ನ ಮಗನಿಗೆ ಅನುಮಾನ ಬಂತು. ಅಷ್ಟರಲ್ಲಿ 11 ಸಾವಿರ ಹೋಗಿತ್ತು. ಒಂದು ತಿಂಗಳು ನಿದ್ದೆ ಬರಲಿಲ್ಲ. ದಯವಿಟ್ಟು ಯಾರೂ ಮೊದಲು ದುಡ್ಡು ಕಟ್ಟಬೇಡಿ.

ನಿವೃತ್ತ ಕ್ಯಾಷಿಯರ್, ಧಾರವಾಡ

ಟೀಚರ್ ಅವರೇ, ಇದನ್ನು ಮುಚ್ಚಿಡದೆ ಬರೆದದ್ದು ದೊಡ್ಡ ಉಪಕಾರ. ಹಳೆ ನೋಟು, ನಾಣ್ಯ ಕೊಳ್ಳುವ ಮಾರುವ ಕೆಲಸ ನಾವು ಮಾಡುವುದಿಲ್ಲ, ಅದಕ್ಕೆ ಯಾವ ಶುಲ್ಕವನ್ನೂ ಕೇಳುವುದಿಲ್ಲ, ನಮ್ಮ ಹೆಸರು ಹೇಳಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಪ್ರಕಟಣೆ ಹೊರಡಿಸಿದೆ. ನಿಜವಾಗಿ ಕೊಳ್ಳುವವನು ನಿಮ್ಮಿಂದ ದುಡ್ಡು ಕೇಳುವುದಿಲ್ಲ, ಕೊಡುತ್ತಾನೆ.

ನಕ್ಷತ್ರದ ನೋಟಿನ ಬಗ್ಗೆಯೂ ಇಂಥದೇ ಗಾಳಿಮಾತು ಇದೆ. ಅಚ್ಚಿನಲ್ಲಿ ಕೆಟ್ಟ ನೋಟು ತೆಗೆದು, ಅದರ ಬದಲು ಕಟ್ಟಿಗೆ ಸೇರಿಸುವ ನೋಟು ಅದು. ಗುರುತಿಗೆ ಅಂಕಿಯ ನಡುವೆ ನಕ್ಷತ್ರ ಹಾಕುತ್ತಾರೆ. 2006ರಿಂದ ಇದೆ. ನಕಲಿಯೂ ಅಲ್ಲ, ನಿಧಿಯೂ ಅಲ್ಲ. ಅಂಗಡಿಯವರು ಬೇಡ ಅಂದರೆ ನಿಧಾನವಾಗಿ ತಿಳಿಸಿ ಹೇಳಿ.

ಸವಣೂರ ಎಲೆ

ಎಂಜಿನಿಯರ್ ಸಾಹೇಬರು ಹೇಳಿದ್ದು ಲೆಕ್ಕಕ್ಕೆ ಸರಿ. ಆದರೆ 786ರ ನೋಟನ್ನು ನಮ್ಮ ಊರಲ್ಲಿ ಯಾರೂ ಮಾರುವುದಕ್ಕೆ ಇಡುವುದಿಲ್ಲ.

ಬಿಸ್ಮಿಲ್ಲಾ ಅನ್ನುವ ಪೂರ್ತಿ ವಾಕ್ಯದ ಅರಬಿ ಅಕ್ಷರಗಳಿಗೆ ಒಂದೊಂದು ಅಂಕಿ ಹಿಡಿದು ಕೂಡಿಸಿದರೆ 786 ಬರುತ್ತದೆ. ಅದಕ್ಕೆ ಆ ಅಂಕಿಗೆ ಮರ್ಯಾದೆ. ನಮ್ಮ ಅಬ್ಬಾ ವೀಳ್ಯದೆಲೆ ವ್ಯಾಪಾರ ಮಾಡುತ್ತಿದ್ದರು. ಎಲೆ ಕಟ್ಟು ಎಣಿಸುವ ಕೈಯಲ್ಲೇ ನೋಟಿನ ಅಂಕಿಯನ್ನೂ ನೋಡುತ್ತಿದ್ದರು. 786 ಸಿಕ್ಕರೆ ಟೋಪಿಯ ಒಳಗೆ. ಅದನ್ನು ತಾವು ಇಟ್ಟುಕೊಳ್ಳುತ್ತಿರಲಿಲ್ಲ. ಊರಲ್ಲಿ ಯಾರದಾದರೂ ಹೆಣ್ಣುಮಗಳು ಬಾಣಂತಿಯಾಗಿ ತವರಿನಲ್ಲಿದ್ದರೆ, ಕೂಸಿನ ಮುಷ್ಟಿಗೆ ಆ ನೋಟು ಹಿಡಿಸಿ ಬರುತ್ತಿದ್ದರು. ಯಾವ ಜಾತಿ, ಯಾವ ಓಣಿ ಅಂತ ನೋಡುತ್ತಿರಲಿಲ್ಲ. ನಮ್ಮ ನೆರೆಯ ಗೌಡರ ಮನೆಯ ಜಗಲಿಯ ಮೇಲೆ, ಬಸವಣ್ಣನ ಫೋಟೊದ ಚೌಕಟ್ಟಿನಲ್ಲಿ ಅಬ್ಬಾ ಕೊಟ್ಟ 786ರ ಇಪ್ಪತ್ತರ ನೋಟು ಇವತ್ತಿಗೂ ಇದೆ. ಶಿಶುನಾಳ ಇಲ್ಲಿಂದ ದೂರವಿಲ್ಲ. ಶರೀಫಜ್ಜನ ನೆಲ, ನಮಗೆ ಇದರಲ್ಲಿ ವಿಶೇಷ ಏನೂ ಕಾಣುವುದಿಲ್ಲ.

ಗೋಕುಲ ರೋಡ್ ಎಂಜಿನಿಯರ್

ಓದಿದೆ. ಟೀಚರ್, ಕ್ಷಮಿಸಿ, ಗೊತ್ತಿಲ್ಲದೆ ಹೇಳಿದೆ. ಸವಣೂರಿನ ಅಣ್ಣಾ, ನಮ್ಮ ಮನೆಯಲ್ಲೂ ತೊಟ್ಟಿಲು ಕಾರ್ಯದಲ್ಲಿ ನನ್ನ ಕೈಗೆ ಹಿಡಿಸಿದ ನೋಟನ್ನು ಅವ್ವ ಇಟ್ಟಿದ್ದಾಳಂತೆ. ಈಗ ಕೇಳಿ ತಿಳಿದುಕೊಂಡೆ. ಎರಡು ರೂಪಾಯಿಯದು. ನಾನು ಬಾಯಿಗೆ ಹಾಕಿಕೊಂಡಿದ್ದಕ್ಕೆ ಅಂಚು ಮುದುಡಿದೆ.

ಮುಂಡರಗಿ ಸೀಮೆ

ನಮ್ಮ ಕಡೆಯ ಒಂದು ಸಂಗತಿ ಹೇಳಲೇಬೇಕು. ಇದು ಮರೆತು ಹೋಗುತ್ತಿದೆ.

ನಮ್ಮ ಮುಂಡರಗಿ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಪಕ್ಕದ ಕೊಪ್ಪಳ, ಆಳವಂಡಿ, ಯಲಬುರ್ಗಾ ಎಲ್ಲಾ ನಿಜಾಮರ ಸೀಮೆ. ಸಂಸ್ಥಾನಗಳ ಪೈಕಿ ಸ್ವಂತ ಕಾಗದದ ನೋಟು ನಡೆಸಲು ಬ್ರಿಟಿಷರು ಬಿಟ್ಟದ್ದು ಹೈದರಾಬಾದಿಗೆ. 1918ರಿಂದ ಅವರ ನೋಟು ಶುರು. ಅವರ ರೂಪಾಯಿಗೆ ಹಾಲಿ ಸಿಕ್ಕಾ ಅನ್ನುತ್ತಿದ್ದರು, ಬ್ರಿಟಿಷ್ ರೂಪಾಯಿಗೆ ಕಲ್ದಾರ. ಏಳು ಹಾಲಿ ಸಿಕ್ಕಾಕ್ಕೆ ಆರು ಕಲ್ದಾರ, ಹತ್ತಿರ ಹತ್ತಿರ ಆ ಲೆಕ್ಕ. ನಮ್ಮ ಮುತ್ತಜ್ಜ ಆ ಕಡೆಯ ಹಳ್ಳಿಗಳಿಂದ ಹತ್ತಿ ತಂದು ಗದಗಿನ ಪೇಟೆಗೆ ಹಾಕುತ್ತಿದ್ದರು. ಸೊಂಟದ ಚೀಲದಲ್ಲಿ ಎರಡು ಖಾನೆ, ಎರಡು ದುಡ್ಡು. ಅಕ್ಷರ ಬಾರದ ಮುತ್ತಜ್ಜಿ ಏಳಕ್ಕೆ ಆರರ ಲೆಕ್ಕವನ್ನು ಬೆರಳ ಗೆಣ್ಣಿನ ಮೇಲೆ ಮಾಡುತ್ತಿದ್ದಳು ಅಂತ ಅಪ್ಪ ಹೇಳುತ್ತಿದ್ದರು.

ಆ ಹೈದರಾಬಾದ್ ನೋಟಿನ ಮೇಲೆ ಉರ್ದು ಜೊತೆಗೆ ಕನ್ನಡ, ತೆಲುಗು, ಮರಾಠಿಯಲ್ಲೂ ಬೆಲೆ ಬರೆದಿರುತ್ತಿತ್ತು. ನಮ್ಮ ಮನೆಯಲ್ಲಿ ಒಂದು ರೂಪಾಯಿಯದು ಒಂದು ಉಳಿದಿದೆ. 1948ರಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು. ಅದಕ್ಕೂ ಮೊದಲು ನಮ್ಮ ಊರಲ್ಲಿ ನಿಜಾಮರ ಪರ ನಿಂತ ರಜಾಕಾರರ ಪಡೆಯ ವಿರುದ್ಧ ಹೋರಾಡುವವರ ಶಿಬಿರ ಇತ್ತು. ಆ ಕಡೆಯಿಂದ ರಾತ್ರೋರಾತ್ರಿ ಓಡಿ ಬಂದ ಒಂದು ಸಂಸಾರ ನಮ್ಮ ದನದ ಕೊಟ್ಟಿಗೆಯಲ್ಲಿ ಎರಡು ತಿಂಗಳು ಇತ್ತು. ಹೋಗುವಾಗ ಆ ತಾಯಿ ಈ ನೋಟು ಕೊಟ್ಟಳು. ಮುತ್ತಜ್ಜಿ ಬೇಡ ಅಂದಳು. "ಋಣ ಇಟ್ಕೊಂಡು ಹೋಗಬಾರದವ್ವ" ಅಂತ ಆಕೆ ದೇವರ ಮುಂದೆ ಇಟ್ಟು ಹೋದಳು. 1959ಕ್ಕೆ ಹಾಲಿ ಸಿಕ್ಕಾ ಪೂರ್ತಿ ನಿಂತೇಹೋಯಿತು. ಬದಲಾಯಿಸಿಕೊಳ್ಳಲು ಮುತ್ತಜ್ಜಿ ಬಿಡಲಿಲ್ಲ. ನಾವು ಈಗಲೂ ದಸರೆಗೆ ಅದರ ಮೇಲೆ ಬನ್ನಿ ಎಲೆ ಇಡುತ್ತೇವೆ. ಆ ಸಂಸಾರದವರು ಮುಂದೆ ಎಲ್ಲಿ ಹೋದರೋ ತಿಳಿಯಲಿಲ್ಲ. ಈ ಕತೆ ತಮ್ಮ ಮನೆಯದು ಅನ್ನಿಸಿದವರು ಇದ್ದರೆ ದಯವಿಟ್ಟು ಬರೆಯಿರಿ. ನೋಟು ನಿಮ್ಮದೇ.

ಬ್ಯಾಡಗಿ ಪೇಟೆಯ ಮಗಳು

ಅಣ್ಣಾರೇ, ಆ ಮನೆಯವರು ಸಿಗಲಿ ಅಂತ ಕೇಳಿಕೊಳ್ಳುತ್ತೇನೆ.

ಹಾವೇರಿ ಯಾಲಕ್ಕಿ

ಚರ್ಚೆ ನೋಟಿನ ಮರ್ಯಾದೆಯ ಬಗ್ಗೆ ಇರುವುದರಿಂದ ಒಂದು ನೋವು ಹೇಳಿಕೊಳ್ಳುತ್ತೇನೆ. ನಮ್ಮ ಊರು ಯಾಲಕ್ಕಿ ಹಾರಕ್ಕೆ ಹೆಸರು. ಒಂದೊಂದು ಕಾಯಿ ಪೋಣಿಸಿ ದಿನಗಟ್ಟಲೆ ಕೂತು ಮಾಡುವ ಕೆಲಸ. ಈಗ ಮದುವೆಗಳಲ್ಲಿ, ಮೆರವಣಿಗೆಗಳಲ್ಲಿ ನೋಟಿನ ಹಾರ ಬಂದಿದೆ. ಹತ್ತರ ಹೊಸ ನೋಟುಗಳನ್ನು ಬೀಸಣಿಗೆ ಹಾಗೆ ಮಡಚಿ, ಸ್ಟೇಪಲ್ ಹೊಡೆದು, ದಾರಕ್ಕೆ ಕಟ್ಟುತ್ತಾರೆ. ಹಾರ ಮಾಡಬೇಡಿ, ಮಂಟಪಕ್ಕೆ ಅಂಟಿಸಬೇಡಿ, ಮೆರವಣಿಗೆಯಲ್ಲಿ ಎರಚಬೇಡಿ ಅಂತ ರಿಸರ್ವ್ ಬ್ಯಾಂಕು ಎಷ್ಟೋ ಸಲ ಕೇಳಿಕೊಂಡಿದೆ. ಒಂದು ಸಂಜೆಯಲ್ಲಿ ನೂರು ನೋಟಿನ ಆಯುಷ್ಯ ಮುಗಿಯುತ್ತದೆ. ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ ನಾವೇ ಅದಕ್ಕೆ ಕಬ್ಬಿಣ ಚುಚ್ಚುತ್ತೇವೆ.

ಕುಂದಗೋಳದ ರಂಗಾಸಕ್ತ

ಹಾರದ ವಿಷಯ ಒಪ್ಪಿದೆ. ಆದರೆ ಚುಚ್ಚಿದ್ದೆಲ್ಲಾ ಅವಮಾನವಲ್ಲ ಅಂತ ಹೇಳಬೇಕು. ಹಳ್ಳಿಯ ನಾಟಕ, ಸಣ್ಣಾಟದಲ್ಲಿ ಹಾಡು ಮನಸ್ಸಿಗೆ ಬಂದರೆ ಊರವರು ರಂಗದ ಮೇಲೇ ಹೋಗಿ ಪಾತ್ರಧಾರಿಯ ಎದೆಗೆ ಪಿನ್ನು ಚುಚ್ಚಿ ನೋಟು ಹಚ್ಚುತ್ತಿದ್ದರು. ಮೈಕಿನಲ್ಲಿ ಹೆಸರು ಕೂಗುತ್ತಿದ್ದರು. ನಮ್ಮ ದೊಡ್ಡಪ್ಪ ಸ್ತ್ರೀಪಾತ್ರ ಮಾಡುತ್ತಿದ್ದರು. ಅವರಿಗೆ ಒಮ್ಮೆ ಒಬ್ಬ ಮುದುಕಿ ಎರಡು ರೂಪಾಯಿ ಹಚ್ಚಿದಳಂತೆ. ಅವಳ ಆ ದಿನದ ಕೂಲಿಯೇ ಅದಾಗಿತ್ತು. ದೊಡ್ಡಪ್ಪ ಆ ನೋಟು ಖರ್ಚು ಮಾಡಲಿಲ್ಲ. ಬಣ್ಣದ ಪೆಟ್ಟಿಗೆಯ ಮುಚ್ಚಳಕ್ಕೆ ಅದೇ ಪಿನ್ನಿನಿಂದ ಸಿಕ್ಕಿಸಿದ್ದರು. ಪಿನ್ನಿನ ತುಕ್ಕು ನೋಟಿನ ಮೇಲೆ ಕಂದು ಹೂವಿನ ಹಾಗೆ ಹರಡಿದೆ. ಆ ತುಕ್ಕನ್ನು ನಾನು ತೆಗೆಸುವುದಿಲ್ಲ.

ಹಾವೇರಿ ಯಾಲಕ್ಕಿ

ಅದು ಬೇರೆ ಅಣ್ಣಾ. ಆ ಮುದುಕಿ ಕೊಟ್ಟದ್ದನ್ನು ಯಾವ ಹಾರಕ್ಕೂ ಹೋಲಿಸಲು ಬರುವುದಿಲ್ಲ.

ನಿವೃತ್ತ ಕ್ಯಾಷಿಯರ್, ಧಾರವಾಡ

ಹಳೆಯ ನೋಟುಗಳಲ್ಲಿ ತೂತು ಇರುವುದಕ್ಕೆ ಬ್ಯಾಂಕಿನವರಾದ ನಾವೂ ಕಾರಣ. ನೂರು ನೋಟಿನ ಕಟ್ಟಿಗೆ ದಪ್ಪ ಸ್ಟೇಪಲ್ ಹೊಡೆಯುತ್ತಿದ್ದೆವು. 2001ರಲ್ಲಿ ನಿಲ್ಲಿಸಿ ಅಂತ ಆದೇಶ ಬಂತು, ಆಮೇಲೆ ಕಾಗದದ ಪಟ್ಟಿ ಸುತ್ತುವುದು. ಅದಕ್ಕೂ ಮೊದಲಿನ ನೋಟಿನಲ್ಲಿ ತೂತಿದ್ದರೆ ಬೇಸರ ಬೇಡ.

ಕೆಲಗೇರಿ ದಂಡೆ

ನಮ್ಮ ಆಯಿ 500ರ ಐದು ನೋಟು ಜೋಳದ ಡಬ್ಬಿಯಲ್ಲಿ ಇಟ್ಟಿದ್ದಳು. 2016ರ ನವೆಂಬರ್ 8ರಂದು ಆ ನೋಟು ರದ್ದಾದದ್ದು ನಿಮಗೆಲ್ಲ ಗೊತ್ತು. ಆಯಿ ಆಗ ಹಾಸಿಗೆ ಹಿಡಿದಿದ್ದಳು, ಯಾರಿಗೂ ಹೇಳಲಿಲ್ಲ. ನಮಗೆ ಸಿಕ್ಕಿದ್ದು 2019ರಲ್ಲಿ. ಮೊಮ್ಮಕ್ಕಳು ಐದು ಜನ, ನೋಟು ಐದು. ಯಾರಿಗೆ ಅಂತ ಇಟ್ಟಿದ್ದಳು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ತಲಾ ಒಂದು ಇಟ್ಟುಕೊಂಡಿದ್ದೇವೆ. ಸರ್, ಇದು ತಪ್ಪಾಗುತ್ತದಾ?

ನಿವೃತ್ತ ಕ್ಯಾಷಿಯರ್, ಧಾರವಾಡ

ಇಲ್ಲ. 2017ರ ಕಾಯ್ದೆಯ ಪ್ರಕಾರ ರದ್ದಾದ ಆ 500, 1000ದ ನೋಟುಗಳು ಒಬ್ಬರ ಹತ್ತಿರ ಹತ್ತಕ್ಕಿಂತ ಜಾಸ್ತಿ ಇರಬಾರದು ಅಷ್ಟೇ. ನೆನಪಿಗೆ ಒಂದು ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ವಿದ್ಯಾನಗರದ ಮೊಮ್ಮಗಳು

ನಿನ್ನೆ ರಾತ್ರಿ ಮಾಮಾಗೆ ಫೋನ್ ಮಾಡಿದೆ. ನೀವೆಲ್ಲ ಬರೆದದ್ದನ್ನು ಓದಿ ಓದಿ ಧೈರ್ಯ ಬಂತು.

ಮೊದಲು ಸುಮ್ಮನಾದರು. ಆಮೇಲೆ ನಿಧಾನವಾಗಿ ಹೇಳಿದರು. ಅವರು ಹೋದ ಮೊದಲ ವರ್ಷ ಕೆಲಸದ ಜಾಗದಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದರಂತೆ. ಊಟದ ಹೊತ್ತಿಗೆ ಮಾಮಾ ಒಬ್ಬರೇ ಕೂತದ್ದು ನೋಡಿ ಪಕ್ಕಕ್ಕೆ ಬಂದು ಕೂರುತ್ತಿದ್ದರು. ನಿವೃತ್ತಿ ಆದ ದಿನ ಪರ್ಸಿನಿಂದ ಈ ನೋಟು ತೆಗೆದು ಕೊಟ್ಟರು. ಇದರ ಮೂಲೆಯನ್ನು ನನ್ನ ತಂದೆಯೇ ಹರಿದದ್ದು, ಕೆಟ್ಟದ್ದೆಲ್ಲ ಆಗಲೇ ಹೋಗಿದೆ, ಇನ್ನು ಉಳಿದದ್ದು ಒಳ್ಳೆಯದು ಮಾತ್ರ, ನಿನ್ನ ತಾಯಿಗೆ ಕೊಡು ಅಂದರಂತೆ.

2001ರಲ್ಲಿ ಮಾಮಾ ಮೊದಲ ಸಲ ಊರಿಗೆ ಬಂದಾಗ ಅದನ್ನು ಅಜ್ಜಿಯ ಕೈಗಿಟ್ಟರು. ಅಜ್ಜಿ ತಿರುಗಿಸಿ ಮುರುಗಿಸಿ ನೋಡಿ, "ಮೂಲಿ ಯಾರು ಹರದಾರೋ ಇದರದು?" ಅಂತ ಕೇಳಿದಳು. ಮಾಮಾ ಹೇಳಿದರು. ಅದಕ್ಕೆ ಅಜ್ಜಿ, "ಹಂಗಾರ ಅಲ್ಲೂ ದೃಷ್ಟಿ ತಗೀತಾರನ್ನು! ಛಲೋ ಆತು ಬಿಡು, ನಿನ್ನ ದೃಷ್ಟಿ ತಗ್ಯಾಕ ಅಲ್ಲಿ ಯಾರದಾರ ಅಂತ ಚಿಂತಿ ಆಗಿತ್ತು ನನಗ" ಅಂದಳಂತೆ. ಹಾಗಂದು ಪಂಚಾಂಗದ ಹಾಳೆಯಲ್ಲಿ ಸುತ್ತಿ ಚಂಚಿಗೆ ಹಾಕಿಕೊಂಡಳು. ಅದೇ ಹಾಳೆ ಇದು. ತೆಗೆದು ನೋಡಿದೆ, 2001ರದೇ.

ಎರಡು ರೂಪಾಯಿಯ ನೋಟಿನ ಕತೆ ಮಾತ್ರ ಮಾಮಾಗೂ ಗೊತ್ತಿಲ್ಲ, ಅವ್ವನಿಗೂ ಗೊತ್ತಿಲ್ಲ.

ಮಾಮಾ ದೀಪಾವಳಿಗೆ ಬರುತ್ತಾರೆ. ನೋಟುಗಳನ್ನು ಅಲ್ಲಿಯ ತನಕ ಎಲ್ಲಿಡಲಿ ಸರ್? ಚಂಚಿಯಲ್ಲೇ ಇಟ್ಟರೆ ಆಗುತ್ತದಾ?

ನಿವೃತ್ತ ಕ್ಯಾಷಿಯರ್, ಧಾರವಾಡ

ಬೇಡ ತಂಗಿ. ಸುಣ್ಣದ ಪುಡಿ ನೋಟಿಗೆ ಒಳ್ಳೆಯದಲ್ಲ. ಪಾಲಿಯೆಸ್ಟರ್ ಹಾಳೆಯ ಲಕೋಟೆಯಲ್ಲಿ ಒಂದೊಂದನ್ನೇ ಬೇರೆ ಬೇರೆ ಇಡು. ಸಾದಾ ಪ್ಲಾಸ್ಟಿಕ್ ಆಲ್ಬಂ ಬೇಡ, ಅಂಟಿಕೊಳ್ಳುತ್ತದೆ. ಮಡಿಕೆ ಬಿಡಿಸಲು ಒತ್ತಬೇಡ. ಆಮೇಲೆ ದಪ್ಪ ಪುಸ್ತಕದ ನಡುವೆ, ಬಿಸಿಲು ಬೀಳದ ಕಡೆ. ಪಂಚಾಂಗದ ಹಾಳೆಯನ್ನೂ ಹಾಗೇ ಇಡು, ಆದರೆ ನೋಟಿಗೆ ತಾಗದ ಹಾಗೆ. ಆ ಕಾಗದ ಹುಳಿಯಾಗಿರುತ್ತದೆ, ಹಳದಿ ಬಿಡುತ್ತದೆ.

ವಿದ್ಯಾನಗರದ ಮೊಮ್ಮಗಳು

ಹಾಗೇ ಮಾಡುತ್ತೇನೆ ಸರ್. ಇನ್ನೊಂದು ಹೇಳಲು ಮರೆತೆ. ಫೋನ್ ಇಡುವ ಮೊದಲು ಮಾಮಾ ಒಂದೇ ಕೇಳಿಕೊಂಡರು. ನೋಟು ಎಲ್ಲಿ ಬೇಕಾದರೂ ಇಡಿ, ಚಂಚಿ ಮಾತ್ರ ತೊಳೆಯಬೇಡಿ, ನಾನು ಬರುವ ತನಕ ಆ ವಾಸನೆ ಇರಲಿ ಅಂದರು. ಅವ್ವ ಅದನ್ನು ಹಿತ್ತಾಳೆಯ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ ಇಟ್ಟಿದ್ದಾಳೆ.